ಭಾಯಿಜಾನ್ ಹೇಳಿದ ವಾಷಿಂಗ್ಟನ್

ಗ್ಯಾಲಡೆಟ್ ವಿಶ್ವವಿದ್ಯಾಲಯದ ಚಳವಳಿಯನ್ನು ನಮಗೆ ಮೊದಲು ತಿಳಿಸಿದ್ದು ಪತ್ರಿಕೆಗಳಲ್ಲ, ಭಾಯಿಜಾನರ ಕೈಗಳು. ಹುಟ್ಟಿನಿಂದಲೇ ಕಿವಿ ಕೇಳದ ನಮ್ಮ ಹಿರಿಯಣ್ಣ ತಮ್ಮ ಕಿವುಡ ಗೆಳೆಯರಿಂದ ಆ ಕತೆ ತಿಳಿದು ಬಂದು, ಒಂದು ರಮಜಾನಿನ ರಾತ್ರಿ ತರಾವೀಹ್ ಮುಗಿದ ಮೇಲೆ ಒಡಹುಟ್ಟಿದ ನಮ್ಮನ್ನೆಲ್ಲ ಎದುರಿಗೆ ಕೂರಿಸಿಕೊಂಡು ಹೇಳಿದರು.

ಅದು ವಾಷಿಂಗ್ಟನ್ನಿನಲ್ಲಿರುವ ಕಿವುಡರ ವಿಶ್ವವಿದ್ಯಾಲಯ. 1864ರಲ್ಲಿ ಪದವಿ ಕೊಡುವ ಅಧಿಕಾರದ ಮಸೂದೆಗೆ ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಆದರೆ 124 ವರ್ಷ ಅದರ ಅಧ್ಯಕ್ಷರೆಲ್ಲ ಕಿವಿ ಕೇಳುವವರೇ. 1988ರ ಮಾರ್ಚ್ 6ರಂದು, ಕೊನೆಯ ಸುತ್ತಿನಲ್ಲಿ ಇಬ್ಬರು ಕಿವುಡರಿದ್ದರೂ, ಆಡಳಿತ ಮಂಡಳಿ ಆರಿಸಿದ್ದು ಸಂಜ್ಞೆ ಭಾಷೆ ಬಾರದ ಎಲಿಸಬೆತ್ ಜಿನ್ಸರ್ ಅವರನ್ನು. ಮರುದಿನ ವಿದ್ಯಾರ್ಥಿಗಳು ಗೇಟಿಗೆ ಬಸ್ಸು ಅಡ್ಡ ನಿಲ್ಲಿಸಿ ಟೈರಿನ ಗಾಳಿ ತೆಗೆದರು. ಭಾಯಿಜಾನ್ ಅದನ್ನು ಕೆನ್ನೆ ಉಬ್ಬಿಸಿ ಇಳಿಸಿ ತೋರಿಸಿದಾಗ ಅಮ್ಮಿ ಬಾಯಿಗೆ ಸೆರಗಿಟ್ಟು ನಕ್ಕರು.

ಅಂದಿನ ಸಭೆಯಲ್ಲಿ ಬೆಂಕಿಯ ಅಲಾರಂ ಹೊಡೆಯತೊಡಗಿತಂತೆ. ಈ ಗದ್ದಲದಲ್ಲಿ ಮಾತು ಕೇಳಿಸುವುದು ಕಷ್ಟ ಎಂದರು ಮಂಡಳಿಯ ಅಧ್ಯಕ್ಷೆ. ಯಾವ ಗದ್ದಲ, ನಿಮಗೆ ಸಂಜ್ಞೆ ಬರುತ್ತಿದ್ದರೆ ನಮಗೆ ಕೇಳಿಸುತ್ತಿತ್ತು ಎಂಬ ಉತ್ತರ ಬಂತು. ಇದನ್ನು ಭಾಯಿಜಾನ್ ಮೂರು ಸಲ ಹೇಳಿದರು.

ಆ ಮಾರ್ಚಿನಲ್ಲಿ ಅವರು ಎಂಟನೇ ತರಗತಿ. ಅವರ ಶಾಲೆಯಲ್ಲಿ ಕೈ ಆಡಿಸಿದರೆ ಬೆರಳ ಗೆಣ್ಣಿಗೆ ಸ್ಕೇಲಿನ ಏಟು. ತುಟಿ ನೋಡಿಯೇ ಕಲಿಯಬೇಕು, ಗಂಟಲಿನಿಂದಲೇ ಮಾತು ಹೊರಡಬೇಕು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರು, ಬಹುತೇಕ ಕಿವಿ ಕೇಳುವವರೇ, ಕಿವುಡ ಮಕ್ಕಳಿಗೆ ಬಾಯಿಮಾತೇ ಸರಿ ಎಂದು ಗೊತ್ತುವಳಿ ಮಾಡಿದ್ದರು. ಅದರ ಬಿಸಿ ನೂರು ವರ್ಷ ಕಳೆದು ನಮ್ಮ ಮನೆಯ ಹುಡುಗನಿಗೂ ತಟ್ಟಿತು. ಹತ್ತು ವರ್ಷದ ಓದಿನಲ್ಲಿ ಅವರ ಬಾಯಿಂದ ಸ್ಪಷ್ಟವಾಗಿ ಹೊರಟದ್ದು ‘ಅಬ್ಬಾ’, ‘ನೀರು’ ಎರಡೇ ಪದ. ಹಾಸ್ಟೆಲಿನ ರಾತ್ರಿಗಳಲ್ಲಿ ಕದ್ದು ಕಲಿತ ಸಂಜ್ಞೆಯಲ್ಲಾದರೆ ಇಡೀ ವಾಷಿಂಗ್ಟನ್ ಹೇಳಬಲ್ಲರು.

ಮಾರ್ಚ್ 10ರಂದು ಜಿನ್ಸರ್ ಹಿಂದೆ ಸರಿದರು. 13ರಂದು ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಇದೇ ಜೋರ್ಡನ್ ಮೊದಲು ಮಂಡಳಿಯ ಆಯ್ಕೆಯನ್ನು ಒಪ್ಪಿ, ಆಮೇಲೆ ವಿದ್ಯಾರ್ಥಿಗಳ ಕಡೆ ಬಂದವರು. 2006ರಲ್ಲಿ ಅವರ ಉತ್ತರಾಧಿಕಾರಿಯ ಆಯ್ಕೆ ವಿರೋಧಿಸಿ ವಿದ್ಯಾರ್ಥಿಗಳು ಮತ್ತೆ ಗೇಟು ಮುಚ್ಚಿದಾಗ ನೂರಕ್ಕೂ ಹೆಚ್ಚು ಜನರ ಬಂಧನವಾದದ್ದು ಅವರ ಕಾಲದಲ್ಲೇ. ಇದನ್ನು ನಾವು ಓದಿ ಹೇಳಿದಾಗ ಭಾಯಿಜಾನ್ ಸುಮ್ಮನೆ ಭುಜ ಕುಣಿಸಿದರು. ಕುರ್ಚಿಯ ಗುಣ ಕಿವಿಯಿದ್ದವರಿಗೂ ಇಲ್ಲದವರಿಗೂ ಒಂದೇ ಇರಬೇಕು.

ಭಾಯಿಜಾನರಿಗೆ ಈಗ ಐವತ್ತು ದಾಟಿದೆ. ಜುಮಾಕ್ಕೆ ಎಲ್ಲರಿಗಿಂತ ಮೊದಲು ಹೋಗುತ್ತಾರೆ. ಸಜ್ದಾದಲ್ಲಿ ಇಮಾಮರ ತಕ್ಬೀರ್ ಕೇಳದ ಕಾರಣ ಪಕ್ಕದವರ ಮೊಣಕೈ ಅಲುಗಿದ್ದು ನೋಡಿ ಏಳುತ್ತಾರೆ. ಆದರೆ ಅರ್ಧ ಗಂಟೆಯ ಬಯಾನ್ ಅವರ ಪಾಲಿಗೆ ಅಲುಗುವ ಗಡ್ಡ ಮಾತ್ರ. ಮಿಂಬರಿನ ಪಕ್ಕ ಸಂಜ್ಞೆ ಬಲ್ಲ ಒಬ್ಬರನ್ನು ನಿಲ್ಲಿಸಿ ಎಂದು ಕೇಳಿಕೊಂಡಾಗ ಜಮಾತಿನ ಹಿರಿಯರೊಬ್ಬರು, ‘ಬೇಚಾರಾ, ಬಂದು ಕೂತರೆ ಸಾಕು, ಸವಾಬ್ ಸಿಗುತ್ತದೆ’ ಎಂದು ಬೆನ್ನು ತಟ್ಟಿ ಕಳಿಸಿದರು. ಅವರು ಹೇಳಿದ್ದೇನೆಂದು ಭಾಯಿಜಾನ್ ನಮ್ಮನ್ನು ಕೇಳಿದರು. ಹೇಳಿದೆವು. ಕಳೆದ ತಿಂಗಳು ಅವರು ಸುತ್ತಲಿನ ಊರುಗಳ ಹನ್ನೊಂದು ಕಿವುಡರ ಸಹಿ ಹಾಕಿಸಿ ಉರ್ದುವಿನಲ್ಲಿ ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಬರುವ ಜುಮಾಕ್ಕೆ ಹನ್ನೊಂದೂ ಜನ ಮೊದಲ ಸಾಲಿನಲ್ಲಿ ಕೂರುವುದೆಂದು ತೀರ್ಮಾನವಾಗಿದೆ.