ಶ್ಯಾನನ್ ತೀರದ ಲಿಮರಿಕ್

ಐರ್ಲೆಂಡ್ ದ್ವೀಪದ ಅತ್ಯಂತ ಉದ್ದವಾದ ನದಿ ಶ್ಯಾನನ್. ಸುಮಾರು 360 ಕಿಲೋಮೀಟರು ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುವ ಈ ನದಿಯ ಅಳಿವೆ ಆರಂಭವಾಗುವೆಡೆಯಲ್ಲಿ ಲಿಮರಿಕ್ ಎಂಬ ಪುರಾತನ ನಗರವಿದೆ. ಹತ್ತನೆಯ ಶತಮಾನದಲ್ಲಿ ವೈಕಿಂಗರೆಂಬ ಉತ್ತರದೇಶದ ನಾವಿಕರು ಇಲ್ಲಿ ನೆಲೆಯೂರಿದರು. 1197ರಲ್ಲಿ ಇದಕ್ಕೆ ನಗರದ ಸನದು ದೊರೆಯಿತು. ಪ್ರೇಕ್ಷಣೀಯ ಸ್ಥಳಗಳೆಲ್ಲ ಮೂರು ಸೇತುವೆಗಳ ಆಸುಪಾಸಿನಲ್ಲಿಯೇ ಇರುವುದರಿಂದ ಕಾಲ್ನಡಿಗೆಯಲ್ಲಿ ನೋಡುವುದೇ ಲೇಸೆಂದು ನಾವು ನಿಶ್ಚಯಿಸಿದೆವು.

ನದಿಯ ದಂಡೆಯ ಹಳೆಯ ಸುಂಕದ ಕಚೇರಿಯಿಂದ ನಮ್ಮ ನಡಿಗೆ ಆರಂಭವಾಯಿತು. 1769ರ ಈ ಭವ್ಯ ಕಟ್ಟಡದಲ್ಲಿ 1997ರಿಂದ ಹಂಟ್ ವಸ್ತುಸಂಗ್ರಹಾಲಯವಿದೆ. ಜಾನ್ ಹಂಟ್ ಮತ್ತು ಗರ್ಟ್ರೂಡ್ ಹಂಟ್ ದಂಪತಿಗಳು ಜೀವಮಾನವೆಲ್ಲ ಕೂಡಿಸಿದ ಸುಮಾರು 2,000 ಕಲಾವಸ್ತುಗಳು ಇಂದು ಸರ್ವಜನರ ಸೊತ್ತಾಗಿವೆ.

ಮುಂದಿನ ಚಿಕ್ಕ ಸೇತುವೆಯನ್ನು ದಾಟಿದರೆ ಕಿಂಗ್ಸ್ ಐಲೆಂಡ್ ಎಂಬ ನಡುಗಡ್ಡೆ. ಅಲ್ಲಿಯ ಸೇಂಟ್ ಮೇರಿ ಪ್ರಧಾನ ದೇವಾಲಯವನ್ನು 1168ರಲ್ಲಿ ಥಾಮಂಡಿನ ಅರಸ ಡೊನಾಲ್ ಮೋರ್ ಓಬ್ರಿಯನ್ ಸ್ಥಾಪಿಸಿದನು. ಅರಮನೆಯಿದ್ದ ಜಾಗವನ್ನೇ ಅವನು ದೇವರ ಮನೆಗೆ ಬಿಟ್ಟುಕೊಟ್ಟನೆಂಬುದು ಪರಂಪರೆಯ ಮಾತು. ಒಳಗೆ ಹದಿನೈದನೆಯ ಶತಮಾನದ ಓಕ್ ಮರದ ಮಡಚುಪೀಠಗಳಿವೆ. ದೀರ್ಘ ಪ್ರಾರ್ಥನೆಯ ಕಾಲದಲ್ಲಿ ನಿಂತೇ ಇರಬೇಕಾದ ವೃದ್ಧರು, ಮೇಲಕ್ಕೆ ಮಡಚಿದ ಪೀಠದ ತಳದ ಅಂಚಿಗೆ ಮೆಲ್ಲನೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದರಂತೆ. ಈ ಪೀಠಗಳಿಗೆ ಲ್ಯಾಟಿನ್ ಭಾಷೆಯ ‘ಕರುಣೆ’ ಎಂಬ ಅರ್ಥದ ಪದದಿಂದಲೇ ಹೆಸರು ಬಂದಿದೆ. ದಣಿದ ಕಾಲುಗಳ ಮೇಲೆ ದಯೆತೋರಿದ ಆ ಬಡಗಿಗಳ ಕೆಲಸವನ್ನು ಕಂಡು ನಾವು ಬಹಳ ಹೊತ್ತು ಅಲ್ಲಿಯೇ ನಿಂತೆವು.

ಸಮೀಪದಲ್ಲಿಯೇ ಜಾನ್ ದೊರೆಯ ಕೋಟೆಯಿದೆ. ಹದಿಮೂರನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಇದರ ದುಂಡು ಬುರುಜುಗಳು ನೇರವಾಗಿ ನದಿಯನ್ನೇ ನೋಡುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಕೋಟೆಯ ಅಂಗಳದೊಳಗೆಯೇ ಬಡ ಕುಟುಂಬಗಳಿಗಾಗಿ ಮನೆಗಳನ್ನು ಕಟ್ಟಿದ್ದರು. ಅವನ್ನು ತೆಗೆದ ಬಳಿಕ ನಡೆದ ಉತ್ಖನನದಲ್ಲಿ ಕೋಟೆಗಿಂತಲೂ ಹಿಂದಿನ ವಸತಿಯ ಕುರುಹುಗಳು ದೊರೆತವು.

ಕೋಟೆಯ ಮಗ್ಗುಲಿನ ಥಾಮಂಡ್ ಸೇತುವೆಯನ್ನು ದಾಟಿದೊಡನೆ, ಎತ್ತರದ ಪೀಠವೊಂದರ ಮೇಲೆ ಒರಟಾದ ಸುಣ್ಣಕಲ್ಲಿನ ಬಂಡೆ ಕಾಣಿಸುತ್ತದೆ. ನೋಟಕ್ಕೆ ಇದರಲ್ಲಿ ಯಾವ ಸೊಬಗೂ ಇಲ್ಲ. ಆದರೂ ಲಿಮರಿಕ್ಕಿಗೆ ‘ಒಪ್ಪಂದದ ನಗರ’ವೆಂಬ ಹೆಸರು ಬಂದದ್ದು ಈ ಕಲ್ಲಿನಿಂದ ನೆನೆಯಲ್ಪಡುವ ಘಟನೆಯಿಂದಲೇ.

ಕ್ಯಾಥೊಲಿಕ್ ಮತದ ಎರಡನೆಯ ಜೇಮ್ಸ್ ದೊರೆಗೂ ಪ್ರಾಟೆಸ್ಟಂಟ್ ಮತದ ಮೂರನೆಯ ವಿಲಿಯಮ್ಮನಿಗೂ ನಡೆದ ಯುದ್ಧದಲ್ಲಿ ಐರಿಷ್ ಕ್ಯಾಥೊಲಿಕರು ಜೇಮ್ಸನ ಪಕ್ಷ ಹಿಡಿದಿದ್ದರು. 1690ರಲ್ಲಿ ವಿಲಿಯಮ್ಮನ ಮುತ್ತಿಗೆಯನ್ನು ಈ ನಗರ ಹಿಮ್ಮೆಟ್ಟಿಸಿತು. ಮರುವರ್ಷದ ಮುತ್ತಿಗೆಯಲ್ಲಿ ದಾರಿಗಾಣದೆ, 1691ರ ಅಕ್ಟೋಬರ್ 3ರಂದು ಸೇನಾನಿ ಪ್ಯಾಟ್ರಿಕ್ ಸಾರ್ಸ್‌ಫೀಲ್ಡ್ ಮತ್ತು ಸಂಗಡಿಗರು ಸಂಧಿಗೆ ಒಪ್ಪಿದರು. ಈ ಕಲ್ಲನ್ನೇ ಮೇಜಾಗಿಸಿಕೊಂಡು ಸಹಿ ಮಾಡಿದರೆಂದು ಜನ ಹೇಳುತ್ತಾರೆ. ಚಾರ್ಲ್ಸ್ ದೊರೆಯ ಕಾಲದಲ್ಲಿದ್ದಷ್ಟು ಮತಸ್ವಾತಂತ್ರ್ಯ ಕ್ಯಾಥೊಲಿಕರಿಗೆ ಉಳಿಯುವುದೆಂದೂ, ನಿಷ್ಠೆಯ ಪ್ರಮಾಣ ಮಾಡಿದವರ ಆಸ್ತಿ ಅವರಿಗೇ ಇರುವುದೆಂದೂ ಒಪ್ಪಂದದಲ್ಲಿ ವಚನವಿತ್ತರು. ಶರಣಾಗಲೊಲ್ಲದ ಸುಮಾರು 14,000 ಯೋಧರು ಫ್ರಾನ್ಸಿಗೆ ಹೊರಟರು. ಹೆಂಡಿರು ಮಕ್ಕಳನ್ನು ಕರೆದೊಯ್ದವರುಂಟು, ಬಿಟ್ಟುಹೋಗಬೇಕಾದವರೂ ಉಂಟು. ಚರಿತ್ರೆ ಅವರನ್ನು ‘ಕಾಡು ಹೆಬ್ಬಾತುಗಳು’ ಎಂದು ಕರೆಯುತ್ತದೆ. ಸಾರ್ಸ್‌ಫೀಲ್ಡ್ 1693ರಲ್ಲಿ ಪರರಾಜನ ಯುದ್ಧದಲ್ಲಿ ಗಾಯಗೊಂಡು ಪರನೆಲದಲ್ಲಿಯೇ ಮಡಿದನು.

ಸೈನ್ಯ ಕಡಲಾಚೆ ಹೋದ ಮೇಲೆ ವಚನವೂ ಹೋಯಿತು. 1697ರಲ್ಲಿ ಐರಿಷ್ ಸಂಸತ್ತು ಒಪ್ಪಂದವನ್ನು ಮೊಟಕುಗೊಳಿಸಿ ಅಂಗೀಕರಿಸಿತು. ಅನಂತರ ಬಂದ ಕಾಯಿದೆಗಳಿಂದ ಕ್ಯಾಥೊಲಿಕರು ಭೂಮಿ ಕೊಳ್ಳುವಂತಿರಲಿಲ್ಲ, ಅಧಿಕಾರ ಸ್ಥಾನಗಳಿಗೆ ಬರುವಂತಿರಲಿಲ್ಲ. ಸ್ವದೇಶದಲ್ಲಿಯೇ ಅವರು ಪರಕೀಯರಾದರು.

ಭಾರವಾದ ಮನಸ್ಸಿನಿಂದ ನಾವು ದಂಡೆಗುಂಟ ದಕ್ಷಿಣಕ್ಕೆ ನಡೆದೆವು. ಇಲ್ಲಿ ಸಮುದ್ರದ ಉಬ್ಬರವಿಳಿತ ನದಿಗೂ ತಟ್ಟುತ್ತದೆ. ನೀರು ಇಳಿದಾಗ ಬಂಡೆಗಳ ಮೇಲೆ ನೊರೆಯುಕ್ಕುವ ಹರಿವು ಎದ್ದು ಕಾಣುತ್ತದೆ. 1835ರಲ್ಲಿ ತೆರೆದ, ಈಗ ಸಾರ್ಸ್‌ಫೀಲ್ಡನ ಹೆಸರನ್ನೇ ಹೊತ್ತ ಸೇತುವೆಯಿಂದ ಮರಳಿ ಈಚೆಗೆ ಬಂದು, ಇಟ್ಟಿಗೆಯ ಸಾಲುಮನೆಗಳ ನೇರ ಬೀದಿಗಳನ್ನು ಹಿಡಿದೆವು. ಹದಿನೆಂಟನೆಯ ಶತಮಾನದಲ್ಲಿ ಎಡ್ಮಂಡ್ ಸೆಕ್ಸ್‌ಟನ್ ಪೆರಿಯೆಂಬವನು ಯೋಜಿಸಿದ ಹೊಸ ಪಟ್ಟಣವಿದು.

ಮುಖ್ಯಬೀದಿಯ ಕೊನೆಯಲ್ಲಿ ಡೇನಿಯಲ್ ಓಕಾನೆಲ್‌ನ ಪ್ರತಿಮೆಯಿದೆ. ಶಸ್ತ್ರ ಹಿಡಿಯದೆ, ಬಡವರಿಂದ ತಿಂಗಳಿಗೊಂದು ಪೆನ್ನಿಯಂತೆ ವಂತಿಗೆ ಕೂಡಿಸಿ ಚಳವಳಿ ಕಟ್ಟಿದ ಈ ವಕೀಲನ ಹೋರಾಟದಿಂದ 1829ರಲ್ಲಿ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಿತು. ಒಪ್ಪಂದವಾಗಿ ಆಗ 138 ವರ್ಷಗಳು ಕಳೆದಿದ್ದವು. ಬಲಿಷ್ಠರು ಒಂದು ಗಳಿಗೆಯಲ್ಲಿ ಮುರಿದ ಮಾತನ್ನು ನೆಟ್ಟಗೆ ಮಾಡಲು ಸಾಮಾನ್ಯ ಜನರ ನಾಲ್ಕೈದು ತಲೆಮಾರುಗಳೇ ಬೇಕಾದವು. ಲಿಮರಿಕ್ಕಿನ ಜನ ಆ ಕಲ್ಲನ್ನು ಇಂದಿಗೂ ಜೋಪಾನವಾಗಿಟ್ಟಿರುವುದು, ನುಡಿದಂತೆ ನಡೆಯದಿದ್ದರೆ ಏನಾಗುವುದೆಂಬುದನ್ನು ಮಕ್ಕಳಿಗೆ ತೋರಿಸುವುದಕ್ಕೇ ಇರಬೇಕು.