ಕಾಡಿಗೆ ಮರಳಲಾಗದವು

ಭರಮಸಾಗರದವರಿಗೆ ಕಾಡುಪ್ರಾಣಿಗಳನ್ನು ಹತ್ತಿರದಿಂದ ನೋಡಬೇಕೆನಿಸಿದರೆ ಹೆದ್ದಾರಿಯಲ್ಲಿ ಎರಡು ದಿಕ್ಕು. ದಾವಣಗೆರೆ ಕಡೆ ಹೊರಟರೆ ಆನಗೋಡಿನ ಕಿರು ಮೃಗಾಲಯ. ಚಿತ್ರದುರ್ಗದ ಕಡೆ ಹೋದರೆ ಜೋಗಿಮಟ್ಟಿ ಕಾಡಿನ ಅಂಚಿನ ಆಡುಮಲ್ಲೇಶ್ವರ ಕಿರು ಮೃಗಾಲಯ. ನನ್ನ ಮನಸ್ಸು ಯಾವಾಗಲೂ ಆಡುಮಲ್ಲೇಶ್ವರಕ್ಕೇ ವಾಲುತ್ತದೆ. ಅಲ್ಲಿನ ಚಿರತೆ, ಕರಡಿ ನಮ್ಮ ಕಲ್ಲುಗುಡ್ಡ, ಕುರುಚಲು ಕಾಡಿನ ಜೀವಗಳೇ. ಹಿಂದೆ ನಿಂತಿರುವ ಜೋಗಿಮಟ್ಟಿ 2015ರಲ್ಲಿ ವನ್ಯಜೀವಿಧಾಮವೂ ಆಯಿತು. ಬೇಲಿಯ ಈಚೆ ಇರುವ ಚಿರತೆಯ ಬಳಗವೇ ಬೇಲಿಯಾಚೆಗೂ ಓಡಾಡಿಕೊಂಡಿದೆ.

ಅದಕ್ಕೇ ಅಲ್ಲಿಗೆ ಬಂದ ಮಕ್ಕಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ಕಾಡು ಇಲ್ಲೇ ಇದೆಯಲ್ಲ, ಇವುಗಳನ್ನು ಯಾಕೆ ಬಿಡಬಾರದು?

ಕೇಳಬೇಕಾದ ಪ್ರಶ್ನೆಯೇ. ಕಾನೂನೂ ಅದನ್ನೇ ಕೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮನುಷ್ಯರಿಗೆ ಅಪಾಯವಾಯಿತೆಂದು ಹಿಡಿದ ಪ್ರಾಣಿಯನ್ನು ಸುಮ್ಮನೆ ಬೋನಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಮತ್ತೆ ಕಾಡಿಗೆ ಒಗ್ಗಲಾರದು ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಬೇಕು, ಕಾರಣವನ್ನು ಬರೆದಿಡಬೇಕು. ಕಾಡಿಗೆ ಬಿಡುವುದು ನಿಯಮ, ಇಟ್ಟುಕೊಳ್ಳುವುದು ಅಪವಾದ.

ಆ ಅಪವಾದ ಹುಟ್ಟುವುದು ಬಹಳ ಸಲ ನಮ್ಮ ಹೊಲಗಳಲ್ಲೇ. ಹಂದಿಗೆಂದು ಬೇಲಿಗೆ ಕಟ್ಟಿದ ತಂತಿ ಉರುಳಿಗೆ ಚಿರತೆ ಬೀಳುತ್ತದೆ. ಕಾಲಿಗೆ ಬಿಗಿದರೆ ರಾತ್ರಿಯಿಡೀ ಎಳೆದಾಡಿ ಪಾದವೇ ಹೋಗಬಹುದು. ಸೊಂಟಕ್ಕೆ ಬಿಗಿದರೆ ಬದುಕುವುದೇ ಕಷ್ಟ. ಬೋನಿಗೆ ಬಿದ್ದ ಚಿರತೆ ದಿಗಿಲಿನಲ್ಲಿ ಸರಳು ಕಚ್ಚಿ ಕೋರೆಹಲ್ಲು ಮುರಿದುಕೊಳ್ಳುವುದುಂಟು. ಹೊರನೋಟಕ್ಕೆ ಅದು ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಬೇಟೆಯ ಕುತ್ತಿಗೆ ಹಿಡಿಯುವ ಹಲ್ಲೇ ಇಲ್ಲದ ಮೇಲೆ ಅದನ್ನು ಕಾಡಿಗೆ ಬಿಡುವುದೆಂದರೆ ಹಸಿವಿಗೆ ಒಪ್ಪಿಸಿದಂತೆ.

ನನ್ನನ್ನು ಹೆಚ್ಚು ಕಾಡುವುದು ಮರಿಗಳ ಕತೆ. ಮೆಕ್ಕೆಜೋಳವೋ ಕಬ್ಬೋ ಕೊಯ್ಯುವಾಗ ಕಣ್ಣು ಬಿಡದ ಮರಿಗಳು ಸಿಗುತ್ತವೆ. ಪಾಪ, ತಬ್ಬಲಿಗಳು ಎಂದು ಎತ್ತಿ ತರುತ್ತಾರೆ. ಅಷ್ಟೊತ್ತಿಗಾಗಲೇ ಹತ್ತು ಕೈ ಮುಟ್ಟಿರುತ್ತದೆ, ಮೊಬೈಲಿನಲ್ಲಿ ಫೋಟೋ ಆಗಿರುತ್ತದೆ. ಬಹಳ ಸಲ ಅವು ತಬ್ಬಲಿಗಳಲ್ಲ, ತಾಯಿ ಬೇಟೆಗೆ ಹೋಗಿರುತ್ತದೆ, ಇಲ್ಲವೇ ಜನರ ಗದ್ದಲಕ್ಕೆ ಹೆದರಿ ಹತ್ತಿರದಲ್ಲೇ ಅಡಗಿರುತ್ತದೆ. ಅರಣ್ಯ ಇಲಾಖೆಯವರು ಸಿಕ್ಕ ಜಾಗದಲ್ಲೇ ಬುಟ್ಟಿಯಲ್ಲಿಟ್ಟು ದೂರ ಸರಿದರೆ, ಎಷ್ಟೋ ಕಡೆ ರಾತ್ರಿ ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋದದ್ದಿದೆ. ಹಾಗೆ ತಾಯಿ ಸೇರದೆ ಮನುಷ್ಯರ ಕೈಯಲ್ಲಿ ಬೆಳೆದವು ಮಾತ್ರ ಬೋನಿನಲ್ಲೇ ಮುದಿಯಾಗುತ್ತವೆ. ಪ್ರಾಣಿಪಾಲಕರೊಬ್ಬರು ಒಮ್ಮೆ ಹೇಳಿದ್ದರು: “ಬಿಟ್ರೆ ಇವು ಕಾಡಿಗೆ ಹೋಗಲ್ಲ ಮೇಷ್ಟ್ರೇ, ಸೀದಾ ಊರಿಗೇ ಬರ್ತಾವೆ. ಇವಕ್ಕೆ ಊಟ ಅಂದ್ರೆ ಮನುಷ್ಯನ ಕೈ.”

ಕರಡಿಯ ಕತೆಯಂತೂ ನಮ್ಮ ಬೀದಿಯದೇ. ನನ್ನ ವಯಸ್ಸಿನವರೆಲ್ಲ ಕರಡಿ ಆಡಿಸುವವರನ್ನು ನೋಡಿದವರು. ಹೆದರಿಕೆ ಹೋಗಲಿ ಎಂದು ತಾಯಂದಿರು ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯತಕ್ಕೆ ಹಾಕಿಸುತ್ತಿದ್ದರು. ಆ ಪಾಪದ ಪ್ರಾಣಿಯನ್ನು ಮರಿಯಾಗಿದ್ದಾಗ ತಾಯಿಯನ್ನು ಕೊಂದು ತಂದಿರುತ್ತಿದ್ದರು. ಕಾದ ಕಬ್ಬಿಣದಿಂದ ಮೂತಿ ಚುಚ್ಚಿ ಹಗ್ಗ ಪೋಣಿಸಿ, ಹಲ್ಲು ಮುರಿದು ಕುಣಿಸುತ್ತಿದ್ದರು. ಕಾಡಿನಲ್ಲಾದರೆ ಕರಡಿಮರಿ ತಾಯಿಯ ಬೆನ್ನೇರಿ ಸುತ್ತುತ್ತ, ಹುತ್ತ ಬಗೆದು ಗೆದ್ದಲು ಹೀರುವುದನ್ನು ಕಲಿಯುತ್ತದೆ. ಕುಣಿದ ಕರಡಿ ಇದಾವುದನ್ನೂ ಕಲಿತಿರಲಿಲ್ಲ. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಅರಣ್ಯ ಇಲಾಖೆಯ ಜೊತೆಗೂಡಿ ದೇಶದಾದ್ಯಂತ 600ಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿತು. ಕರಡಿ ಆಡಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ದುಡಿಮೆ ಹುಡುಕಿಕೊಟ್ಟದ್ದೂ ಅಷ್ಟೇ ದೊಡ್ಡ ಕೆಲಸ; ಆ ಬಡವರ ಅನ್ನ ಕಸಿದು ಮಾಡಿದ ಪುಣ್ಯವಾಗಿದ್ದರೆ ಅದು ಉಳಿಯುತ್ತಿರಲಿಲ್ಲ. 2009ರ ಡಿಸೆಂಬರಿನಲ್ಲಿ ಕೊನೆಯದಾಗಿ ಬಂದ ರಾಜು ಎಂಬ ಕರಡಿಗೆ ನೆಲೆಯಾದದ್ದು ನಮ್ಮ ಬನ್ನೇರುಘಟ್ಟ. ಅಂಥ ಕರಡಿಗಳಿಗೆ ಬಿಡುಗಡೆ ಎಂದರೆ ಹಗ್ಗವಿಲ್ಲದ ಮೂಗು, ಹೊತ್ತಿಗೆ ಗಂಜಿ, ಕಾಲಡಿಗೆ ಮಣ್ಣು, ಅಷ್ಟೇ. ಆದರೆ ಅಷ್ಟೂ ಅವುಗಳಿಗೆ ಮೊದಲು ಇರಲಿಲ್ಲ.

ನಮ್ಮ ಮೃಗಾಲಯಗಳ ಫಲಕಗಳನ್ನು ಓದಿದಾಗಲೆಲ್ಲ ನನಗೆ ಏನೋ ಕೊರತೆ ಅನ್ನಿಸುತ್ತದೆ. ಹೆಸರು, ವೈಜ್ಞಾನಿಕ ಹೆಸರು, ಆಹಾರ, ಗರ್ಭಾವಧಿ, ಆಯಸ್ಸು. ಇದೆಲ್ಲ ಚಿರತೆ ಎಂಬ ಜಾತಿಯ ವಿವರ. ಎದುರಿಗೆ ಕುಳಿತ ಈ ಒಂದು ಚಿರತೆ ಯಾವ ಗುಡ್ಡದ್ದು, ಯಾಕೆ ಇಲ್ಲಿದೆ ಎಂಬ ಸುದ್ದಿಯೇ ಇಲ್ಲ. ಕಾರಣ ಕಡತದಲ್ಲಿ ಇದ್ದೇ ಇರುತ್ತದೆ. ಅದನ್ನೇ ಎರಡು ಸಾಲಿನಲ್ಲಿ ಬೋನಿನ ಮುಂದೆ ಬರೆದರೆ ಮಕ್ಕಳ ಪ್ರಶ್ನೆಗೆ ಉತ್ತರ ಸಿಗುತ್ತದೆ, ದೊಡ್ಡವರಿಗೂ ತಮ್ಮ ಬೇಲಿಯ ನೆನಪಾಗುತ್ತದೆ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಅವುಗಳಲ್ಲಿ ಕೆಲವಾದರೂ ನಮ್ಮ ಜೋಳದ ಹೊಲದ ಬದುವಿನಲ್ಲೇ ನಡೆದುಹೋಗುವಂಥವು.

ಆದ್ದರಿಂದ ನಮ್ಮ ಸೀಮೆಯ ರೈತಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೇ: ತಂತಿ ಉರುಳು ಕಟ್ಟಬೇಡಿ. ಕೊಯ್ಲಿನಲ್ಲಿ ಮರಿ ಕಂಡರೆ ಮುಟ್ಟಬೇಡಿ, ಆ ಸಾಲಿನ ಕೊಯ್ಲು ಅಲ್ಲಿಗೇ ನಿಲ್ಲಿಸಿ ದೂರ ಸರಿಯಿರಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.