ತಂಗಡಿ ಚಕ್ಕೆ ಮತ್ತು ಹನ್ನೆರಡು ಸೂತ್ರ

ಒಂದೇ ಹಟ್ಟಿಯ ನಾವಿಬ್ಬರು ಹಸಿರು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದಲು ಹೋದೆವು. ಅನಸ್ತಾಸ್ ಮತ್ತು ವಾರ್ನರ್ 1998ರಲ್ಲಿ ಬರೆದಿಟ್ಟ ಹನ್ನೆರಡು ಸೂತ್ರಗಳನ್ನು ಬಾಯಿಪಾಠ ಮಾಡಿದೆವು. ಮೊದಲನೆಯದು: ಕೊಳೆ ಹುಟ್ಟಿಸಿ ತೊಳೆಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಲೇಸು. ಏಳನೆಯದು: ಮತ್ತೆ ಬೆಳೆಯುವ ಕಚ್ಚಾವಸ್ತುವನ್ನು ಬಳಸು.

ಪಾಠ ಚರ್ಮ ಹದ ಮಾಡುವಲ್ಲಿಗೆ ಬಂತು. ಹಳೆ ರೀತಿಯ ಕ್ರೋಮ್ ಹದದಲ್ಲಿ ಕ್ರೋಮಿಯಂನ ನೂರಕ್ಕೆ 30–40 ಭಾಗ ಚರ್ಮಕ್ಕೆ ಹಿಡಿಯದೆ ನೀರುಪಾಲು. ಅದಕ್ಕೆ ಬದಲು ತಂಗಡಿ ಚಕ್ಕೆ, ಅಳಲೆಕಾಯಿ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. 'ಇದು ನಮ್ಮ ಪುರಾತನ ಜ್ಞಾನ' ಅಂದರು.

ನಮ್ಮ ಅಂದರೆ ಯಾರದು? ಚಕ್ಕೆ ಕುಟ್ಟಿದವರು ನಮ್ಮಜ್ಜಿಯರು. ಸುಣ್ಣದ ಗುಂಡಿಯಲ್ಲಿ ಕೈ ಸುಟ್ಟುಕೊಂಡವರು ನಮ್ಮಜ್ಜಂದಿರು. ಊರು ಮೂಗು ಮುಚ್ಚಿಕೊಂಡು ಅವರನ್ನು ಆಚೆ ಇಟ್ಟಾಗ ಅದು ಜ್ಞಾನವಾಗಿರಲಿಲ್ಲ, ಜಾತಿಯಾಗಿತ್ತು.

ರಜೆಯಲ್ಲಿ ಹಟ್ಟಿಗೆ ಬಂದು ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆವು. ಬೀಡಿ ಆರಿಸಿ ಕೇಳಿದ: 'ತಂಗಡಿ ಒಳ್ಳೇದೇ ಕಣ್ರಲಾ. ಗುಂಡಿಗೆ ಇಳಿಯೋರು ಯಾರು?'

ಹನ್ನೆರಡನೆಯ ಸೂತ್ರ ಅಪಘಾತ ತಡೆಯಿರಿ ಅನ್ನುತ್ತದೆ. ಗುಂಡಿಗೆ ಇಳಿದ ಕೈ ಯಾರದೆಂದು ಯಾವ ಸೂತ್ರವೂ ಕೇಳುವುದಿಲ್ಲ. ದೊಡ್ಡಪ್ಪನ ಪ್ರಶ್ನೆಯನ್ನು ಉತ್ತರ ಪತ್ರಿಕೆಯಲ್ಲಿ ಹದಿಮೂರನೆಯದಾಗಿ ಬರೆದು ಬಂದಿದ್ದೇವೆ. ಅಂಕ ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ.